ಜೀಪಿನೊಳಗಿನ ಡೈರಿ

ಚಿಕ್ಕಪ್ಪನದು ಹಳೇ ಮಹೀಂದ್ರ 540 ಜೀಪು. ಸೇನೆಯ ಇಎಂಇ ವಿಭಾಗದಲ್ಲಿ ವರ್ಷಗಟ್ಟಲೆ ಗಾಡಿ ರಿಪೇರಿ ಮಾಡಿ ನಿವೃತ್ತರಾಗಿ ಊರಿಗೆ ಬಂದ ಮೇಲೆ ಅವರು ಕೊಂಡ ಮೊದಲ ವಸ್ತು ಅದು. ಡ್ಯಾಷ್‌ಬೋರ್ಡಿನ ಗೂಡಿನಲ್ಲಿ ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಚೀಟಿಗಳ ಜೊತೆ ನೀಲಿ ರಟ್ಟಿನ ಒಂದು ಡೈರಿ ಇದೆ. ಮಿಲಿಟರಿ ಗಾಡಿಗಳಿಗೆ ಲಾಗ್ ಬುಕ್ ಇರುತ್ತದಲ್ಲ, ಅದೇ ಅಭ್ಯಾಸ. ಮುಂದಿನ ಸ್ಪ್ರಿಂಗ್ ಪ್ಲೇಟ್ ಸೆಟ್ಟಿಗೆ ಒಂದು ಪ್ಲೇಟು ಹೆಚ್ಚು ಹಾಕಿದ್ದು ಯಾವ ದಿನ, ಮಡ್ ಟಯರು ಏರಿಸಿದ್ದು ಯಾವಾಗ, ಹಿಂದಿನ ಬ್ರೇಕ್ ಲೈನರ್ ಬದಲಿಸಿದಾಗ ಗಾಡಿ ಎಷ್ಟು ಕಿಲೋಮೀಟರ್ ಓಡಿತ್ತು, ವಿಂಚ್ ಕೂರಿಸಲು ಚಾಸಿಗೆ ಎಲ್ಲಿ ತೂತು ಕೊರೆದದ್ದು, ಎಲ್ಲವೂ ಅವರ ಓರೆ ಅಕ್ಷರದಲ್ಲಿ ದಿನಾಂಕ ಸಮೇತ ಇದೆ.

ಕಳೆದ ಡಿಸೆಂಬರಿನ ಒಂದು ಭಾನುವಾರ ನಾವು ಐದು ಮಂದಿ ಅದೇ ಜೀಪಿನಲ್ಲಿ ಸಂಪಾಜೆ ಘಟ್ಟ ಇಳಿದು ಕಡಲು ನೋಡಲು ಹೋದೆವು. ನಾವು ಹೋದ ಕಡಲತೀರದ ಬಡಾವಣೆಯಲ್ಲಿ ಭಾನುವಾರ ಸಂಜೆ ಅರ್ಧ ಕಿಲೋಮೀಟರಿಗೊಂದು ಬ್ಯಾರಿಕೇಡ್. ಸೈಲೆನ್ಸರ್ ಕಿತ್ತ ಕಾರುಗಳ ಅಬ್ಬರ ತಾಳಲಾರದೆ ಅಲ್ಲಿನ ನಿವಾಸಿಗಳು ದೂರು ಕೊಟ್ಟಿದ್ದರಂತೆ. ಮೊದಲ ತಡೆಯಲ್ಲಿ ನಮ್ಮ ಜೀಪನ್ನು ನಿಲ್ಲಿಸಿದವರು ಟಯರು ನೋಡಿ, ‘ಇದು ಆಲ್ಟರೇಷನ್, ಕೇಸಾಗುತ್ತೆ’ ಎಂದು ಫೋಟೊ ತೆಗೆದರು. ಎರಡನೆಯ ತಡೆಯಲ್ಲಿದ್ದವರು ಟಯರಿನ ಕಡೆ ನೋಡಲೇ ಇಲ್ಲ. ಬಂಪರಿನ ಮೇಲಿನ ಎಲ್‌ಇಡಿ ಪಟ್ಟಿ ಯಾಕೆ ಎಂದು ಕೇಳಿದರು. ಮೂರನೆಯವರು ನಂಬರ್ ಪ್ಲೇಟಿನ ಕೆಎ 12 ನೋಡಿ, ‘ಮಡಿಕೇರಿ ಗಾಡಿಯಾ? ಅಲ್ಲಿಗೆ ಹೀಗೇ ಬೇಕು ಬಿಡಿ, ಹೋಗಿ’ ಎಂದು ಕೈ ಬೀಸಿದರು. ಅದೇ ಜೀಪು, ಅದೇ ರಸ್ತೆ, ಅದೇ ಸಂಜೆ, ಮೂರು ತೀರ್ಪು. ಚಿಕ್ಕಪ್ಪ ಮೂರೂ ಕಡೆ ಆ ನೀಲಿ ಡೈರಿಯನ್ನು ಮುಂದೆ ಚಾಚಿದರು. ಯಾರೂ ಅದನ್ನು ತೆರೆಯಲಿಲ್ಲ.

ಎರಡನೆಯ ತಡೆಗೂ ಮೂರನೆಯದಕ್ಕೂ ನಡುವೆ, ನೆಲಕ್ಕೆ ಅಂಟಿದಂತಿದ್ದ ಒಂದು ಕಾರು ನಮ್ಮನ್ನು ಹಿಂದಿಕ್ಕಿ ಹೋಯಿತು. ಅದರ ಸೈಲೆನ್ಸರಿನಿಂದ ಪಟಾಕಿ ಸಿಡಿದಂಥ ಸದ್ದು. ರಸ್ತೆ ಬದಿಯ ಮನೆಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಎರಡೂ ಕಿವಿ ಮುಚ್ಚಿಕೊಂಡರು, ಮಡಿಲಲ್ಲಿದ್ದ ಮಗು ಬೆಚ್ಚಿ ಅತ್ತಿತು. ಮುಂದಿನ ಬ್ಯಾರಿಕೇಡಿನ ಹತ್ತಿರ ಬರುತ್ತಲೇ ಅದೇ ಕಾರು ಆಕ್ಸಿಲರೇಟರ್ ಬಿಟ್ಟು ಸದ್ದಿಲ್ಲದೆ ತೆವಳಿತು. ಕಾಗದಗಳೆಲ್ಲ ಸರಿ ಇದ್ದವು ಎಂದು ಕಾಣುತ್ತದೆ, ಅದನ್ನು ಬಿಟ್ಟರು.

ನನಗೆ ಸಿಟ್ಟು ಬಂದಿತ್ತು. ಕೆಸರಿನಲ್ಲಿ ದುಡಿಯುವ ಗಾಡಿಗೆ ಕೇಸು, ಊರಿನ ನೆಮ್ಮದಿ ಕೆಡಿಸುವ ಗಾಡಿಗೆ ದಾರಿ! ಆ ಸಿಟ್ಟು ರಾತ್ರಿಯವರೆಗೂ ಉಳಿಯಲಿಲ್ಲ. ವಾಪಸು ಬರುವಾಗ ಜೋಡುಪಾಲದ ತಿರುವಿನಲ್ಲಿ ಎದುರಿನಿಂದ ಒಂದು ಜೀಪು ಬಂತು. ನಮ್ಮದರ ಹಾಗೆಯೇ ಎತ್ತರಿಸಿದ್ದು, ಅದರ ನೆತ್ತಿಯ ಮೇಲೆ ಉದ್ದದ ಎಲ್‌ಇಡಿ ಪಟ್ಟಿ ಉರಿಯುತ್ತಿತ್ತು. ಕಣ್ಣಿಗೆ ಬಿಳಿ ಬಿಟ್ಟರೆ ಬೇರೇನೂ ಕಾಣದಾಯಿತು. ಎಡಕ್ಕೆ ಪ್ರಪಾತ. ಚಿಕ್ಕಪ್ಪ ಬ್ರೇಕ್ ಒತ್ತಿ ನಿಂತಲ್ಲೇ ನಿಂತರು. ಅದು ದಾಟಿಹೋದ ಮೇಲೆ ಹಿಂದಿನ ನಂಬರ್ ಪ್ಲೇಟ್ ನೋಡಿ, ‘ನಮ್ಮೂರಿನದೇ ಗಾಡಿ’ ಎಂದರು. ಸ್ವಲ್ಪ ಹೊತ್ತು ಜೀಪಿನಲ್ಲಿ ಯಾರೂ ಮಾತಾಡಲಿಲ್ಲ.

ಆ ಒಂದು ದಿನದ ಎರಡು ಅನುಭವಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಯೋಚಿಸಿದಾಗ ನನಗೆ ಸ್ಪಷ್ಟವಾದದ್ದು ಇಷ್ಟು: ಗಾಡಿ ಬದಲಾಯಿಸುವುದನ್ನು ಪೂರ್ತಿ ನಿಷೇಧಿಸಿ, ಆ ನಿಷೇಧವನ್ನು ಕಣ್ಣಳತೆಯಲ್ಲಿ ಜಾರಿ ಮಾಡಿದರೆ ಯಾರಿಗೂ ರಕ್ಷಣೆ ಸಿಗುವುದಿಲ್ಲ. ಬದಲಾವಣೆಯನ್ನು ಪರೀಕ್ಷಿಸಿ, ದಾಖಲಿಸಿ, ಅದರ ಹೊಣೆಯನ್ನು ಮಾಲೀಕನ ಹೆಗಲಿಗೆ ಹಾಕುವ ದಾರಿಯೊಂದು ಬೇಕು. ಚಿಕ್ಕಪ್ಪನ ಡೈರಿಗೆ ಸರ್ಕಾರದ ಮೊಹರು ಬೇಕು. ಆ ಮೊಹರು ಸಿಗದ ಗಾಡಿ, ಅದು ನಮ್ಮೂರಿನದೇ ಆಗಿರಲಿ, ರಸ್ತೆಗೆ ಇಳಿಯಬಾರದು.

ಕೊಡಗಿನ ಜೀಪು ಯಾಕೆ ಹೀಗಿದೆ ಎಂಬುದನ್ನು ಘಟ್ಟದ ಕೆಳಗಿನವರು ತಿಳಿಯಬೇಕು. ನಮ್ಮ ಜಿಲ್ಲೆಗೆ ಇಂದಿಗೂ ರೈಲಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಡಾಂಬರು ರಸ್ತೆ ಮುಗಿದ ಮೇಲೆ ಮನೆಗೆ ಹೋಗಲು ಒಂದೋ ಎರಡೋ ಕಿಲೋಮೀಟರ್ ತೋಟದ ದಾರಿ, ಅದರಲ್ಲೊಂದು ತೋಡು, ಒಂದು ಕಡಿದಾದ ಏರು. ಜೂನ್ ತಿಂಗಳು ಹಿಡಿಯಿತೆಂದರೆ ಆ ಏರು ಕೆಂಪು ಸಾಬೂನು. ಚಕ್ರಕ್ಕೆ ಕಬ್ಬಿಣದ ಚೈನ್ ಕಟ್ಟದೆ ಹತ್ತುವಂತಿಲ್ಲ. ಚೈನ್ ಕಟ್ಟಬೇಕಾದರೆ ಟಯರಿಗೂ ಮಡ್‌ಗಾರ್ಡಿಗೂ ನಡುವೆ ಜಾಗ ಬೇಕು, ಜಾಗ ಬೇಕಾದರೆ ಗಾಡಿ ಎತ್ತರಿಸಬೇಕು. ಗೊಬ್ಬರದ ಮೂಟೆ, ಕಾಫಿ ಚೀಲ, ತೋಟದ ಕಾರ್ಮಿಕರ ಲೈನ್ ಮನೆಯಿಂದ ಹೆರಿಗೆಗೆ ಹೊರಟ ಹೆಣ್ಣುಮಗಳು, ಎಲ್ಲರೂ ಇದೇ ಗಾಡಿಯಲ್ಲಿ ಇಳಿಯಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರುಗಳ ಗುಡ್ಡಗಳು ಜರಿದು ರಸ್ತೆಗಳು ಕೊಚ್ಚಿಹೋದಾಗ, ಸೈನಿಕರ ಮತ್ತು ರಕ್ಷಣಾ ಪಡೆಗಳ ಜೊತೆಗೆ ಊರವರ ಜೀಪುಗಳೂ ಕೆಸರಿನಲ್ಲಿ ಓಡಾಡಿದವು. ಕಾರ್ಖಾನೆಯಿಂದ ಬಂದ ಹಾಗೇ ಇದ್ದ ಕಾರುಗಳು ಶೆಡ್ಡಿನಲ್ಲಿದ್ದವು.

ಈ ಅಭ್ಯಾಸಕ್ಕೆ ಚರಿತ್ರೆಯೂ ಇದೆ. 1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ ಆ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು. ಸೈನ್ಯಕ್ಕೆ ಮಕ್ಕಳನ್ನು ಕಳಿಸುವ ಜಿಲ್ಲೆಯಾದ ಕೊಡಗಿಗೆ ಮಿಲಿಟರಿ ಡಿಸ್ಪೋಸಲ್ ಗಾಡಿಗಳೂ ಬಂದವು. ಪೆಟ್ರೋಲ್ ಕುಡಿಯುವ ಹಳೇ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವುದು, ಹಿಂದಿನ ಸೀಟು ಕಿತ್ತು ಚೀಲ ಹಾಕಲು ಹಲಗೆ ಜೋಡಿಸುವುದು, ಟಾರ್ಪಾಲಿನ ಬದಲು ತಗಡಿನ ಹೊದಿಕೆ ಹಾಕಿಸುವುದು ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆಯ ಗ್ಯಾರೇಜುಗಳಿಗೆ ದಿನನಿತ್ಯದ ಕೆಲಸವಾಗಿತ್ತು. ಹೀಗೆ ಬದಲಾದ ಜೀಪುಗಳ ಮೇಲೆಯೇ ನಮ್ಮ ತೋಟದ ಆರ್ಥಿಕತೆ ಕುಳಿತಿತ್ತು. ಈಗ ಮಾಂದಲ್‌ಪಟ್ಟಿಯ ಏರಿನಲ್ಲಿ ಪ್ರವಾಸಿಗರನ್ನು ಹೊತ್ತು ಹೋಗುವವೂ ಇವುಗಳ ದಾಯಾದಿಗಳೇ. 2008ರಲ್ಲಿ ‘ಗಾಳಿಪಟ’ ಸಿನಿಮಾ ಬಂದು ಆ ಗುಡ್ಡ ಮುಗಿಲುಪೇಟೆಯೆಂದು ಹೆಸರಾದ ಮೇಲೆ ಬಾಡಿಗೆಯ ಜೀಪು ಅಲ್ಲಿ ನೂರಾರು ಮನೆಗಳ ಒಲೆ ಉರಿಸುತ್ತಿದೆ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೊದಲು ಅನುಮತಿ ಪಡೆದು ಬದಲಾಯಿಸಲು ಅವಕಾಶ ಕೊಡುವಂತಿತ್ತು. 2000ದ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಆರ್‌ಸಿಯ ವಿವರಗಳು ಭಿನ್ನವಾಗುವ ಹಾಗೆ ಯಾವ ಮಾಲೀಕನೂ ಗಾಡಿ ಬದಲಾಯಿಸುವಂತಿಲ್ಲ ಎಂದಾಯಿತು. ಕೇರಳ ಹೈಕೋರ್ಟ್ ಕೆಲವು ರಚನಾತ್ಮಕ ಬದಲಾವಣೆಗಳಿಗೆ ದಾರಿ ಬಿಟ್ಟಿತ್ತು. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಕಾರ್ಖಾನೆಯಿಂದ ಬರುವ ಪ್ರತಿ ಮಾದರಿಯೂ ಪರೀಕ್ಷೆಗೆ ಒಳಗಾಗಿ ಬಂದಿರುತ್ತದೆ, ಆಮೇಲೆ ಅದರ ಮೂಲ ಸ್ವರೂಪ ಬದಲಾಯಿಸಿದರೆ ಆ ಪರೀಕ್ಷೆಗೆ ಅರ್ಥ ಉಳಿಯುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಅದೇ ವರ್ಷದ ತಿದ್ದುಪಡಿ 182ಎ ಸೆಕ್ಷನ್ ತಂದಿತು. ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಸೆಕ್ಷನ್ನಿನ ಕೆಳಗೆ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ.

ಸುಪ್ರೀಂ ಕೋರ್ಟಿನ ತರ್ಕವನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ. ಅದರಲ್ಲಿ ಸತ್ಯವಿದೆ, ಆ ಸತ್ಯ ಚಿಕ್ಕಪ್ಪನ ಜೀಪಿಗೂ ಅನ್ವಯಿಸುತ್ತದೆ. 28 ಇಂಚು ವ್ಯಾಸದ ಟಯರಿನ ಜಾಗಕ್ಕೆ 31 ಇಂಚಿನದು ಹಾಕಿ ನೋಡಿ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಗಾಡಿ ಮೊದಲಿಗಿಂತ ಹತ್ತರಲ್ಲೊಂದು ಪಾಲು ಹೆಚ್ಚು ದೂರ ಹೋಗುತ್ತದೆ. ಸ್ಪೀಡೋಮೀಟರಿನ ಮುಳ್ಳು 60 ತೋರಿಸುವಾಗ ಗಾಡಿ 66ರ ವೇಗದಲ್ಲಿರುತ್ತದೆ. ದೊಡ್ಡ ಚಕ್ರವನ್ನು ತಡೆದು ನಿಲ್ಲಿಸಲು ಹಳೆಯ ಬ್ರೇಕಿಗೆ ಹೆಚ್ಚು ಶಕ್ತಿ ಬೇಕು. ಪ್ಲೇಟು ಏರಿಸಿದರೆ ಗಾಡಿಯ ಭಾರದ ನಡುಬಿಂದು ಮೇಲೇರುತ್ತದೆ, ಸಂಪಾಜೆಯ ತಿರುವುಗಳಲ್ಲಿ ಮಗುಚುವ ಸಂಭವ ಹೆಚ್ಚುತ್ತದೆ. ಹೆಡ್‌ಲೈಟೂ ಮೇಲೇರಿ ಎದುರಿನವನ ಕಣ್ಣಿಗೆ ನೇರ ಬೀಳುತ್ತದೆ. ಮುಂದಿನ ಕಬ್ಬಿಣದ ಗಾರ್ಡು ಇನ್ನೂ ಅಪಾಯದ್ದು. ಹೊಸ ಕಾರುಗಳ ಮುಂಭಾಗ ಡಿಕ್ಕಿಯಾದಾಗ ತಾನೇ ನುಜ್ಜಾಗಿ ಒಳಗಿರುವವರನ್ನು ಉಳಿಸುವಂತೆ ರೂಪಿಸಿದ್ದು. ಚಾಸಿಗೆ ಬೆಸೆದ ಗಾರ್ಡು ಆ ಪೆಟ್ಟನ್ನು ನೇರವಾಗಿ ಒಳಕ್ಕೆ ಸಾಗಿಸುತ್ತದೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಕ್ಷಣವನ್ನು ತಪ್ಪಿಸಬಹುದು, ರಸ್ತೆ ದಾಟುವವನ ಕಾಲು ಮುರಿಯುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಗಾರ್ಡುಗಳ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಬರೆದದ್ದು ಇದೇ ಕಾರಣಕ್ಕೆ.

ಆದ್ದರಿಂದ ‘ನಮ್ಮದು ಅಗತ್ಯಕ್ಕೆ ಮಾಡಿಸಿದ್ದು, ಅವರದು ಶೋಕಿಗೆ ಮಾಡಿಸಿದ್ದು’ ಎಂಬ ವಾದ ಸಾಲದು. ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಬ್ರೇಕು ಹಿಡಿಯುವುದಿಲ್ಲ. ತೋಟದ ಅಗತ್ಯಕ್ಕೆ ಎತ್ತರಿಸಿದ ಜೀಪೇ ಅಂದು ರಾತ್ರಿ ಜೋಡುಪಾಲದಲ್ಲಿ ನಮ್ಮನ್ನು ಪ್ರಪಾತದ ಅಂಚಿಗೆ ತಂದದ್ದು. ಅದೇ ಬೆಳಕು ತಿತಿಮತಿ, ಸಿದ್ದಾಪುರ, ಮಾಲ್ದಾರೆಯ ರಸ್ತೆಗಳಲ್ಲಿ ಆನೆಯ ಕಣ್ಣಿಗೂ ಬೀಳುತ್ತದೆ. ಕಣ್ಣು ಕುಕ್ಕಿ ಕಂಗೆಟ್ಟ ಆನೆಯ ಮುಂದೆ ಆಮೇಲೆ ಬರುವವನು ಬೆಳಗ್ಗೆ ಕೆಲಸಕ್ಕೆ ನಡೆದು ಹೊರಟ ಕಾರ್ಮಿಕ. ಕೊಡಗಿನ ರಸ್ತೆ ಜೀಪು ಇರುವವರ ಸೊತ್ತಲ್ಲ. ಕಡಲತೀರದ ಅಜ್ಜಿಯ ಕಿವಿಗೆ ಇರುವ ಹಕ್ಕು ಲೈನ್ ಮನೆಯ ಮಗುವಿನ ನಿದ್ದೆಗೂ ಇದೆ.

ಹಾಗಾದರೆ ನಿಷೇಧವೇ ಸರಿಯಲ್ಲವೇ? ಸರಿಯಲ್ಲ ಎನ್ನಲು ನನ್ನಲ್ಲಿ ಎರಡು ಕಾರಣಗಳಿವೆ.

ಒಂದು, ನಿಷೇಧ ಪ್ರಾಮಾಣಿಕನನ್ನು ಮರೆಗೆ ತಳ್ಳುತ್ತದೆ. ಏನು ಮಾಡಿಸಿದರೂ ತಪ್ಪೇ ಎಂದಾದರೆ ಗ್ಯಾರೇಜಿನವನು ರಸೀದಿ ಕೊಡುವುದಿಲ್ಲ, ಮಾಲೀಕ ವಿಮೆ ಕಂಪನಿಗೆ ಹೇಳುವುದಿಲ್ಲ, ಕೆಲಸ ಗಟ್ಟಿಯೋ ಕಳಪೆಯೋ ಎಂದು ನೋಡುವವರೇ ಇರುವುದಿಲ್ಲ. ಬದಲಾವಣೆ ನಿಲ್ಲದು, ತಪಾಸಣೆ ಮಾತ್ರ ನಿಲ್ಲುತ್ತದೆ. ಅರ್ಹತಾ ಪತ್ರದ ತಪಾಸಣೆಗೆ (ಎಫ್‌ಸಿಗೆ) ಹೋಗುವ ಮುನ್ನಾದಿನ ಹಳೇ ಟಯರು ಹಾಕಿಸಿ, ಬ್ರೇಕ್ ಇನ್‌ಸ್ಪೆಕ್ಟರ ಮುಂದೆ ಗಾಡಿ ಓಡಿಸಿ, ಮರುದಿನ ಮತ್ತೆ ಮಡ್ ಟಯರು ಏರಿಸುವುದು ಮಲೆನಾಡಿಗೆಲ್ಲ ಗೊತ್ತಿರುವ ಸಂಗತಿ. ಅಪಘಾತವಾದ ದಿನ ವಿಮೆಯವರು ‘ಗಾಡಿ ಮೂಲದಂತಿಲ್ಲ’ ಎಂದು ಕೈ ತೊಳೆದುಕೊಂಡರೆ ಸಾಲ ಮಾಡಿ ಗಾಡಿ ಕೊಂಡ ಮನೆ ಬೀದಿಗೆ ಬರುತ್ತದೆ.

ಎರಡು, ಕಣ್ಣಳತೆಯ ಕಾನೂನು ಕಾಣುವುದನ್ನಷ್ಟೇ ಹಿಡಿಯುತ್ತದೆ. ಎತ್ತರದ ಜೀಪು ಕಾಣುತ್ತದೆ. ನಿಂತ ಕಾರಿನ ಸದ್ದು ಕೇಳುವುದಿಲ್ಲ, ಸವೆದ ಬ್ರೇಕು ಕಾಣುವುದಿಲ್ಲ, ಒಳಗೆ ಕಿತ್ತುಹಾಕಿದ ಕ್ಯಾಟಲಿಟಿಕ್ ಕನ್ವರ್ಟರ್ ಕಾಣುವುದಿಲ್ಲ. ನಾವು ದಾಟಿದ ಮೂರು ತಡೆಗಳಲ್ಲಿ ಒಂದರಲ್ಲೂ ಶಬ್ದ ಅಳೆಯುವ ಮಾಪಕ ಇರಲಿಲ್ಲ. ಅಲ್ಲಿ ನಿಂತ ಪೊಲೀಸರನ್ನು ನಾನು ದೂರುತ್ತಿಲ್ಲ. ಕೈಗೆ ಉಪಕರಣ ಕೊಡದೆ ತೀರ್ಪು ಕೇಳಿದರೆ ಯಾರಾದರೂ ತಮಗೆ ತೋಚಿದ್ದನ್ನೇ ಹೇಳುತ್ತಾರೆ. ರಾಜ್ಯದ ಹಲವು ನಗರಗಳಲ್ಲಿ ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವುದನ್ನು ನೋಡಿದ್ದೇವೆ. ಆ ದೃಶ್ಯ ಒಂದು ದಿನ ಪತ್ರಿಕೆಯಲ್ಲಿ ಬರುತ್ತದೆ. ಮರುವಾರ ಅದೇ ಬೀದಿಯಲ್ಲಿ ಹೊಸ ಸೈಲೆನ್ಸರ್ ಸಿಡಿಯುತ್ತದೆ, ಏಕೆಂದರೆ ಅದನ್ನು ಮಾರುವ ಅಂಗಡಿ ತೆರೆದೇ ಇದೆ.

ಅಳತೆಯಿಲ್ಲದ ಕಾನೂನಿನ ಗತಿ ಏನಾಗುತ್ತದೆ ಎಂಬುದಕ್ಕೆ ಕಾರಿನ ಗಾಜಿನ ಕಥೆಯೇ ಸಾಕ್ಷಿ. ಮುಂದಿನ ಮತ್ತು ಹಿಂದಿನ ಗಾಜು ಶೇಕಡ 70ರಷ್ಟು, ಪಕ್ಕದವು ಶೇಕಡ 50ರಷ್ಟು ಬೆಳಕು ಬಿಡಬೇಕು ಎಂದು ನಿಯಮವಿತ್ತು. ರಸ್ತೆಯಲ್ಲಿ ಅದನ್ನು ಅಳೆಯುವವರಿರಲಿಲ್ಲ. ಕೊನೆಗೆ 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಗಾಜಿಗೆ ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. 2021ರಿಂದ ನಿಯಮವೇ ಬದಲಾಗಿ, 2024ರಲ್ಲಿ ಕೇರಳ ಹೈಕೋರ್ಟ್, ನಿಗದಿತ ಪಾರದರ್ಶಕತೆ ಇರುವ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದಿತು. ಹನ್ನೆರಡು ವರ್ಷ ಸುತ್ತಿ ನಾವು ಮತ್ತೆ ಅಳತೆಯ ಬಳಿಗೇ ಬಂದೆವು. 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕೇಸು ಹಾಕಲು ಹೊರಟದ್ದನ್ನು ಜೋಡುಪಾಲದ ತಿರುವಿನಲ್ಲಿ ಕುರುಡಾಗಿ ನಿಂತವನಾಗಿ ನಾನು ಮನಸಾರೆ ಸ್ವಾಗತಿಸುತ್ತೇನೆ. ಅಲ್ಲಿಯೂ ಬೆಳಕಿನ ಎತ್ತರ, ಕೋನ, ತೀವ್ರತೆ ಅಳೆದು ಹೇಳುವುದಾದರೆ ಆ ಅಭಿಯಾನ ಗಟ್ಟಿಯಾಗಿ ನಿಲ್ಲುತ್ತದೆ.

‘ಇದೆಲ್ಲ ನಮ್ಮ ದೇಶದಲ್ಲಿ ಆಗದ ಮಾತು, ಪರೀಕ್ಷೆ ಎಂದರೆ ಇನ್ನೊಂದು ಲಂಚದ ಕಿಂಡಿ’ ಎನ್ನುವವರಿದ್ದಾರೆ. ಅವರ ಸಂಶಯಕ್ಕೆ ಆಧಾರವಿಲ್ಲದಿಲ್ಲ. ಆದರೆ ಈ ಪದ್ಧತಿ ನಮ್ಮಲ್ಲಿ ಆಗಲೇ ಇದೆ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಿದರೆ ಏನಾಗುತ್ತದೆ? ಕಿಟ್ಟು ಮಾನ್ಯತೆ ಪಡೆದಿರಬೇಕು, ಅಧಿಕೃತ ಕೇಂದ್ರದಲ್ಲಿ ಕೂರಿಸಬೇಕು, ಆರ್‌ಟಿಒ ಅದನ್ನು ಆರ್‌ಸಿಯಲ್ಲಿ ನಮೂದಿಸಬೇಕು. ಇಂಧನ ಬದಲಾಯಿಸುವುದು ಪ್ಲೇಟು ಬದಲಾಯಿಸುವುದಕ್ಕಿಂತ ಎಷ್ಟೋ ಪಾಲು ಅಪಾಯದ್ದು. ಆದರೂ ಅದಕ್ಕೆ ದಾರಿಯಿದೆ. ಕಾಲಿಲ್ಲದವರು ಕೈಯಲ್ಲೇ ಬ್ರೇಕು, ಆಕ್ಸಿಲರೇಟರ್ ನಡೆಸುವ ಹಾಗೆ ಕಾರು ಮಾರ್ಪಡಿಸಿಕೊಳ್ಳಲೂ ಕಾಯ್ದೆ ಅವಕಾಶ ಕೊಟ್ಟಿದೆ. ಗ್ಯಾಸ್ ಸಿಲಿಂಡರನ್ನು ಪರೀಕ್ಷಿಸಿ ದಾಖಲಿಸಬಲ್ಲ ವ್ಯವಸ್ಥೆ ಜೀಪಿನ ಪ್ಲೇಟನ್ನೂ ಟಯರನ್ನೂ ಪರೀಕ್ಷಿಸಿ ದಾಖಲಿಸಲಾರದೇ?

ಹೊರಗಿನವರು ಮಾಡಿ ತೋರಿಸಿದ್ದಾರೆ. ಜರ್ಮನಿಯಲ್ಲಿ ಕಾರಿನ ಬಿಡಿಭಾಗ ಬದಲಾಯಿಸುವವನು ಆ ಭಾಗದ ಮಾನ್ಯತಾಪತ್ರ ಇಟ್ಟುಕೊಂಡಿರಬೇಕು. ಇಲ್ಲವೆಂದರೆ ಪರೀಕ್ಷಾ ಸಂಸ್ಥೆಯ ಎಂಜಿನಿಯರ್ ಗಾಡಿ ನೋಡಿ, ವರದಿ ಕೊಟ್ಟು, ಅದು ಗಾಡಿಯ ಕಾಗದದಲ್ಲಿ ನಮೂದಾಗಬೇಕು. ಆಸ್ಟ್ರೇಲಿಯಾದಲ್ಲಿ ಯಾವ ಬದಲಾವಣೆಗೆ ಎಂಜಿನಿಯರ್ ಪ್ರಮಾಣಪತ್ರ ಬೇಕು, ಯಾವುದಕ್ಕೆ ಬೇಡ ಎಂದು ವಿವರಿಸುವ ರಾಷ್ಟ್ರೀಯ ಸಂಹಿತೆಯೇ ಇದೆ. ಆ ಎರಡೂ ದೇಶಗಳಲ್ಲಿ ಪೊಲೀಸರು ಸಡಿಲವಾಗಿಲ್ಲ. ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ 2016ರಿಂದ ಸದ್ದಿನ ಕಾರುಗಳ ಬೆನ್ನು ಹತ್ತಲು ಪೊಲೀಸರು ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ಕಾಗದ ಸರಿಯಿರುವವನನ್ನು ಬಿಟ್ಟು ಇಲ್ಲದವನನ್ನು ಹಿಡಿಯಲು ಅಲ್ಲಿ ದಾಖಲೆಯೇ ನೆರವಾಗುತ್ತದೆ. ಒಪ್ಪಿತ ದಾರಿಯೊಂದು ಇದ್ದಾಗಲೇ ಅಡ್ಡದಾರಿ ಹಿಡಿದವನ ಮೇಲೆ ಕಠಿಣವಾಗುವ ನೈತಿಕ ಬಲ ಕಾನೂನಿಗೆ ಬರುತ್ತದೆ.

ಕಠಿಣವಾಗಬೇಕಾದ ಕಡೆ ಆಗಲೇಬೇಕು. 2024ರಲ್ಲಿ ಕೇರಳದ ಆಲಪ್ಪುಳದಲ್ಲಿ ಒಬ್ಬ ಯೂಟ್ಯೂಬರ್ ಕಾರಿನೊಳಗೆ ಈಜುಕೊಳ ಮಾಡಿ, ನೀರು ತುಂಬಿಕೊಂಡು ಸಾರ್ವಜನಿಕ ರಸ್ತೆಯಲ್ಲಿ ಓಡಿಸಿದ. ಅವನ ಚಾಲನಾ ಪರವಾನಗಿ ರದ್ದಾಯಿತು. ಅದರಲ್ಲಿ ತಪ್ಪು ಹುಡುಕಲು ನನ್ನಿಂದಾಗದು. ನೋಡುವವರ ಸಂಖ್ಯೆಗಾಗಿ ರಸ್ತೆಯನ್ನು ರಂಗಮಂಚ ಮಾಡಿಕೊಳ್ಳುವುದು ನಮ್ಮ ಜಿಲ್ಲೆಯ ಹುಡುಗರಲ್ಲೂ ಕಾಣತೊಡಗಿದೆ, ವಾರಾಂತ್ಯದಲ್ಲಿ ಬರುವ ಪ್ರವಾಸಿಗರಲ್ಲಂತೂ ಹೇಳುವುದೇ ಬೇಡ. ಪರೀಕ್ಷೆ ಮತ್ತು ದಾಖಲೆಯ ಪದ್ಧತಿ ಅಂಥವರಿಗೆ ರಿಯಾಯಿತಿ ಕೊಡುವುದಿಲ್ಲ. ಯಾವ ಎಂಜಿನಿಯರೂ ಪಟಾಕಿಯಂತೆ ಸಿಡಿಯುವ ಸೈಲೆನ್ಸರಿಗೆ ಸಹಿ ಹಾಕಲಾರ.

ಕೊಡಗಿನವನಾಗಿ ಇಲ್ಲಿ ನನಗೆ ನೆನಪಾಗುವುದು ಕೋವಿ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗರನ್ನು ಶಸ್ತ್ರಾಸ್ತ್ರ ಕಾಯ್ದೆಯಿಂದ ಹೊರಗಿಟ್ಟ. ಸ್ವಾತಂತ್ರ್ಯದ ನಂತರವೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿಯಿತು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಕೊಲ್ಲಬಲ್ಲ ಆಯುಧವನ್ನು ಪರವಾನಗಿಯಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳಲು ದೇಶವೊಂದು ಒಂದು ಸಣ್ಣ ಜಿಲ್ಲೆಯ ಜನರನ್ನು ನಂಬಿತು. ಆ ನಂಬಿಕೆ ಗಾಳಿಯಲ್ಲಿ ನಿಂತಿಲ್ಲ. ವಿನಾಯಿತಿಗೂ ಒಂದು ಪತ್ರ ಮಾಡಿಸಿ ಇಟ್ಟುಕೊಳ್ಳಬೇಕು, ಕೋವಿಯ ವಿವರ ಅದರಲ್ಲಿರಬೇಕು. ಅದಕ್ಕಿಂತ ಹೆಚ್ಚಾಗಿ ಅದನ್ನು ಹಿಡಿದು ನಿಲ್ಲಿಸಿರುವುದು ಕಟ್ಟುಪಾಡು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ ಮಾಡುತ್ತಾರೆ, ಆಮೇಲೆ ಮೈದಾನಕ್ಕೆ ಒಯ್ದು ತೆಂಗಿನಕಾಯಿಗೆ ಗುರಿ ಹೊಡೆಯುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಗುಂಡು ಹಾರಿಸುವುದಕ್ಕೆ ಜಾಗ, ಹೊತ್ತು, ಎಣಿಕೆ ಎಲ್ಲವೂ ಇದೆ. ಗೋಣಿಕೊಪ್ಪದ ಸಂತೆಯ ನಡುವೆ ಕೋವಿ ಎತ್ತಿದವನನ್ನು ಕಾನೂನಿಗಿಂತ ಮೊದಲು ಮನೆಯ ಹಿರಿಯರೇ ವಿಚಾರಿಸುತ್ತಾರೆ.

ಜೀಪಿಗೂ ನಾವು ಅದೇ ಶಿಸ್ತು ತರಬಾರದೇ? ವಿನಾಯಿತಿ ಬೇಕಾದವನು ಮೊದಲು ಕಟ್ಟುಪಾಡು ತೋರಿಸಬೇಕು. ಕೆಸರಿನಲ್ಲಿ ಗಾಡಿ ಹತ್ತಿಸುವ ಸಾಹಸ ಇಷ್ಟವಿರುವ ಹುಡುಗರಿಗೆ ಇಲ್ಲಿ ಜಾಗವಿದೆ. ತೋಟಗಳ ಒಳಗೆ, ಮಳೆಗಾಲದ ಗದ್ದೆಗಳಲ್ಲಿ ನಡೆಯುವ ಆಫ್‌ರೋಡ್ ಮತ್ತು ಆಟೋಕ್ರಾಸ್ ಸ್ಪರ್ಧೆಗಳಲ್ಲಿ ಹೆಲ್ಮೆಟ್ ಇರುತ್ತದೆ, ರೋಲ್ ಕೇಜ್ ಇರುತ್ತದೆ, ತಪಾಸಣೆ ಇರುತ್ತದೆ, ಪಕ್ಕದಲ್ಲಿ ಆಂಬುಲೆನ್ಸ್ ನಿಂತಿರುತ್ತದೆ. ಅದು ತೆಂಗಿನಕಾಯಿಗೆ ಗುರಿ ಹೊಡೆಯುವ ಮೈದಾನ. ಮಡಿಕೇರಿಯ ರಾಜಾಸೀಟಿನ ಮುಂದಿನ ರಸ್ತೆಯೋ ಕಡಲತೀರದ ಬಡಾವಣೆಯೋ ಸಂತೆ. ಈ ವ್ಯತ್ಯಾಸವನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾದವರು ಪೊಲೀಸರಲ್ಲ, ನಾವು.

ಸರ್ಕಾರದಿಂದ ನಾನು ಕೇಳುವುದು ದೊಡ್ಡದೇನಲ್ಲ. ಮಲೆನಾಡಿನ ಗಾಡಿಗೆ ಬೇಕಾಗುವ ಕೆಲವೇ ಬದಲಾವಣೆಗಳನ್ನು, ಅಂದರೆ ಪ್ಲೇಟು, ಟಯರು, ವಿಂಚು, ರೋಲ್ ಕೇಜುಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಮಿತಿ ಗೊತ್ತುಪಡಿಸಲಿ. ಮಿತಿಯೊಳಗಿನ ಗಾಡಿಯನ್ನು ಬ್ರೇಕು, ದೀಪದ ಕೋನ, ಸ್ಪೀಡೋಮೀಟರ್ ಸಮೇತ ಪರೀಕ್ಷಿಸಿ ಆರ್‌ಸಿಯಲ್ಲಿ ಬರೆಯಲಿ. ಇದಕ್ಕೆ ಕೇಂದ್ರದ ಕಾಯ್ದೆಯೇ ತಿದ್ದುಪಡಿಯಾಗಬೇಕು, ಅದಕ್ಕಾಗಿ ಒತ್ತಾಯಿಸುವುದು ನಮ್ಮ ಜನಪ್ರತಿನಿಧಿಗಳ ಕೆಲಸ. ಬ್ಯಾರಿಕೇಡಿನಲ್ಲಿ ನಿಲ್ಲುವ ಪೊಲೀಸರ ಕೈಗೆ ಶಬ್ದಮಾಪಕ ಕೊಡಲಿ. ಸದ್ದಿನ ಸೈಲೆನ್ಸರನ್ನು ಕೊಂಡವನಿಗೆ ಹಾಕುವ ದಂಡವನ್ನು ಮಾರಿದವನಿಗೂ ಹಾಕಲಿ. ನಿಯಮಕ್ಕೆ ಒಪ್ಪದ ಸುರಕ್ಷತಾ ಭಾಗಗಳನ್ನು ಮಾರುವವರಿಗೆ ಒಂದು ಲಕ್ಷ ರೂಪಾಯಿ ದಂಡ ಹಾಕಲು 182ಎ ಸೆಕ್ಷನ್ನಿನಲ್ಲೇ ಅವಕಾಶವಿದೆ, ಅದನ್ನು ಬಳಸಲಿ.

ನಮ್ಮ ಕಡೆಯಿಂದ ಆಗಬೇಕಾದದ್ದು ಅದಕ್ಕೂ ಮೊದಲು ಆಗಬೇಕು. ಜೋಡುಪಾಲದಿಂದ ಮನೆಗೆ ಬಂದ ಮರುದಿನ ಬೆಳಗ್ಗೆ ಚಿಕ್ಕಪ್ಪ ಸ್ಪ್ಯಾನರ್ ಹಿಡಿದು ಬಂಪರಿನ ಎಲ್‌ಇಡಿ ಪಟ್ಟಿ ಬಿಚ್ಚಿದರು. ಶೆಡ್ಡಿನ ಗೋಡೆಯಿಂದ ಅಳೆದ ದೂರದಲ್ಲಿ ಜೀಪು ನಿಲ್ಲಿಸಿ, ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹೆಡ್‌ಲೈಟಿನ ಬೆಳಕು ಗೆರೆಗಿಂತ ಕೆಳಗೆ ಬೀಳುವವರೆಗೆ ತಿರುಪು ತಿರುಗಿಸುತ್ತಾ ಕುಳಿತರು. ನಾನು ಗೋಡೆಯ ಹತ್ತಿರ ನಿಂತು ‘ಇನ್ನೂ ಸ್ವಲ್ಪ’ ಎನ್ನುತ್ತಿದ್ದೆ. ಕೆಲಸ ಮುಗಿದ ಮೇಲೆ ಡೈರಿ ತೆಗೆದು ದಿನಾಂಕ ಹಾಕಿ ಬರೆದರು: ಮುಂದಿನ ಎಲ್‌ಇಡಿ ತೆಗೆದಿದೆ, ಹೆಡ್‌ಲೈಟ್ ಇಳಿಸಿದೆ. ಅದರ ಕೆಳಗೆ ತಮ್ಮ ಸಹಿ ಹಾಕಿದರು. ಸಹಿಯ ಪಕ್ಕದಲ್ಲಿ, ಸೇನೆಯ ಲಾಗ್ ಬುಕ್ಕಿನಲ್ಲಿ ಮೇಲಧಿಕಾರಿಯ ಸಹಿಗೆ ಬಿಡುತ್ತಿದ್ದಷ್ಟೇ ಜಾಗವನ್ನು ಖಾಲಿ ಬಿಟ್ಟರು.